ಗೀಸರಿನೊಳಗಿನ ಬಿಳಿ ಪುಡಿ

ಮೇ ತಿಂಗಳಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗಿ, ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೆ ಮಳೆಯ ಜೊತೆಯಲ್ಲೇ ಮುಂಬೈಗೆ ಬಂದಿಳಿಯುವ ನಮ್ಮವರಿಂದ ನನಗೆ ವರ್ಷಾ ವರ್ಷಾ ಒಂದೇ ಥರದ ಫೋನು ಬರುತ್ತದೆ. ಗೀಸರಿನ ಸ್ವಿಚ್ ಹಾಕಿದ ಕೂಡಲೇ ಇಡೀ ಮನೆಯ ಕರೆಂಟು ಹೋಗುತ್ತದೆ. ಊರಿಗೆ ಹೊರಡುವ ದಿನ ಬೆಳಿಗ್ಗೆ ಅದರಲ್ಲೇ ಸ್ನಾನ ಮಾಡಿ ಹೋದದ್ದು, ಚೆನ್ನಾಗಿಯೇ ಇತ್ತು. ಕೆಲವರು ಗೀಸರ್ ಕಂಪನಿಯನ್ನು ಬೈಯುತ್ತಾರೆ, ಕೆಲವರು ಇಲಿಯನ್ನು. ಅಷ್ಟರಲ್ಲಿ ಮೂಲೆಯ ಅಂಗಡಿಯ ಎಲೆಕ್ಟ್ರಿಷಿಯನ್ ಬಂದು ನೋಡಿ, “ಇಎಲ್‌ಸಿಬಿ ಕೆಟ್ಟಿದೆ, ಅದನ್ನು ಬಿಟ್ಟು ಡೈರೆಕ್ಟ್ ಕೊಟ್ಟುಬಿಡ್ತೀನಿ” ಎಂದಿರುತ್ತಾನೆ. ಹಾಗೆ ಮಾಡಿಸಬಹುದಾ ಎಂದು ಕೇಳುವುದಕ್ಕೇ ಈ ಫೋನು.

ಬೇಡ. ದಯವಿಟ್ಟು ಬೇಡ. ಫೋನಿನಲ್ಲಿ ಇಷ್ಟೇ ಹೇಳಿ ಇಡುತ್ತೇನೆ. ಯಾಕೆ ಬೇಡ ಎಂದು ಹೇಳಲು ಗೀಸರಿನ ಎಲಿಮೆಂಟನ್ನು ಬಿಚ್ಚಿ, ಅದರೊಳಗಿನ ಬಿಳಿ ಪುಡಿಯವರೆಗೆ ಹೋಗಬೇಕಾಗುತ್ತದೆ. ಫೋನಿನಲ್ಲಿ ಅದಾಗುವ ಮಾತಲ್ಲ. ಇಲ್ಲಿ ಜಾಗ ಸಿಕ್ಕಿದೆ, ಹೇಳಿಬಿಡುತ್ತೇನೆ.

ನಾನು ಮೈಸೂರಿನವಳು. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ಡೊಂಬಿವಲಿಗೆ ಬಂದೆ. 1989ರಿಂದ 22 ವರ್ಷ ಅಂಬರನಾಥದ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿದೆ. ಲ್ಯಾಬು ಎಂದರೆ ಒಂದು ತಕ್ಕಡಿ, ಒಂದು ಓವನ್, ಒಂದು ಮೆಗ್ಗರ್, ನಾಲ್ಕು ಜರಡಿ, ನಾನು. ಅಲ್ಲಿ ನೀರು ಕಾಯಿಸುವ ಎಲಿಮೆಂಟುಗಳು ತಯಾರಾಗುತ್ತಿದ್ದವು: ಗೀಸರಿಗೆ ಹಾಕುವವು, ಬಕೆಟ್ಟಿಗೆ ಇಳಿಬಿಡುವ ಇಮ್ಮರ್ಷನ್ ರಾಡುಗಳು.

ಹೊರಗಿನಿಂದ ನೋಡಿದರೆ ಎಲಿಮೆಂಟು ಒಂದು ಬಗ್ಗಿಸಿದ ಲೋಹದ ಕೊಳವೆ, ಅಷ್ಟೆ. ಒಳಗೆ ನಟ್ಟನಡುವೆ ನಿಕ್ರೋಮ್ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಕರೆಂಟು ಹರಿದು ಅದು ಕಾಯುತ್ತದೆ. ಹೊರಗಿನ ಕೊಳವೆ ನೀರಿನಲ್ಲಿ ಮುಳುಗಿರುತ್ತದೆ, ಆ ನೀರಿಗೆ ನಾವು ಕೈ ಹಾಕುತ್ತೇವೆ. ಸುರುಳಿಯ ಶಾಖವೆಲ್ಲ ಕೊಳವೆಗೆ ಬರಬೇಕು, ಕರೆಂಟು ಮಾತ್ರ ಒಂದಿಷ್ಟೂ ಬರಬಾರದು. ಎರಡರ ನಡುವಿನ ಜಾಗ ಕೆಲವೇ ಮಿಲಿಮೀಟರು. ಅಲ್ಲಿ ಏನು ತುಂಬುವುದು?

ಇದು ಕೇಳಿದಷ್ಟು ಸುಲಭದ ಪ್ರಶ್ನೆಯಲ್ಲ. ಶಾಖವನ್ನು ಚೆನ್ನಾಗಿ ಸಾಗಿಸುವ ವಸ್ತುಗಳು ಹೆಚ್ಚಾಗಿ ಲೋಹಗಳು, ಅವು ಕರೆಂಟನ್ನೂ ಸಾಗಿಸುತ್ತವೆ. ಕರೆಂಟು ತಡೆಯುವ ರಬ್ಬರು, ಪ್ಲಾಸ್ಟಿಕ್ಕು ಶಾಖವನ್ನೂ ತಡೆದು ಕೊನೆಗೆ ತಾವೇ ಸುಟ್ಟುಹೋಗುತ್ತವೆ. ವಜ್ರ ಶಾಖ ಬಿಟ್ಟು ಕರೆಂಟು ತಡೆಯುತ್ತದೆ, ಆದರೆ ವಜ್ರ ತುಂಬಿದ ಗೀಸರು ಕೊಳ್ಳುವವರು ಯಾರು? ಬೆರಿಲಿಯಂ ಆಕ್ಸೈಡೂ ಆದೀತು, ಆದರೆ ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಎಲ್ಲ ತೂಗಿ ನೋಡಿ ಜಗತ್ತು ಕೊನೆಗೆ ನಿಂತದ್ದು ಮೆಗ್ನೀಷಿಯಂ ಆಕ್ಸೈಡಿನ ಮೇಲೆ. ಅಗ್ಗ, ಬಿಳಿ, ವಿಷವಲ್ಲದ್ದು, 2,800 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕರಗದ್ದು. ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ನಡುವೆ ಸುರುಳಿ ಇಳಿಬಿಟ್ಟು, ಸುತ್ತ ಈ ಪುಡಿಯನ್ನು ಅದುರಿಸುತ್ತಾ ತುಂಬುತ್ತಾರೆ. ಆಮೇಲೆ ಕೊಳವೆಯನ್ನು ರೋಲರುಗಳ ನಡುವೆ ಹಾಯಿಸಿ ಸಪೂರ ಮಾಡುತ್ತಾರೆ. ಒಳಗಿನ ಪುಡಿ ಒತ್ತಿ ಒತ್ತಿ ಕಲ್ಲಿನಂತಾಗುತ್ತದೆ. ತುದಿಗಳಿಗೆ ರೆಸಿನ್ ಹಾಕಿ ಮುಚ್ಚುತ್ತಾರೆ.

ಈ ಪುಡಿಯ ಮೂಲ ನನಗೆ ಹೊಸದಾಗಿರಲಿಲ್ಲ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಸೀಮೆಯಲ್ಲಿ, ಕಡಕೊಳ, ದೊಡ್ಡಕನ್ಯಗಳ ಸುತ್ತ, ಮ್ಯಾಗ್ನಸೈಟ್ ಎಂಬ ಬಿಳಿ ಕಲ್ಲು ನೆಲದೊಳಗೆ ನರನರವಾಗಿ ಹರಿದಿದೆ. ನಾವು ಮಕ್ಕಳು ಅದನ್ನು ಸುಣ್ಣದ ಕಲ್ಲು ಅಂದುಕೊಂಡಿದ್ದೆವು. ಸೇಲಂ ಹತ್ತಿರದ ಬಿಳಿ ಗುಡ್ಡಗಳಿಗೆ ಬ್ರಿಟಿಷರು ಚಾಕ್ ಹಿಲ್ಸ್ ಎಂದು ಹೆಸರಿಟ್ಟರಲ್ಲ, ಅಲ್ಲಿರುವುದೂ ಚಾಕ್ ಅಲ್ಲ, ಇದೇ ಮ್ಯಾಗ್ನಸೈಟು. ಅದನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡು ಹೋಗಿ ಮೆಗ್ನೀಷಿಯಂ ಆಕ್ಸೈಡು ಉಳಿಯುತ್ತದೆ. ಎಲಿಮೆಂಟಿಗೆ ಬೇಕಾದದ್ದು ಇನ್ನೂ ಮುಂದಿನ ಹಂತದ್ದು: ಅದನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ತಣಿಸಿ, ದೊಡ್ಡ ಹರಳುಗಳಾದ ಮೇಲೆ ಒಡೆದು, ಅಯಸ್ಕಾಂತದಿಂದ ಕಬ್ಬಿಣದ ಚೂರು ತೆಗೆದು, ಜರಡಿ ಹಿಡಿದದ್ದು. ನಮ್ಮ ಕಾರ್ಖಾನೆಗೆ ಬರುತ್ತಿದ್ದ ಚೀಲಗಳು ನಮ್ಮೂರಿನ ಕಲ್ಲಿನವಾಗಿರಲಿಲ್ಲ, ಹೊರಗಿನವು. ಆದರೂ ಮೊದಲ ದಿನ ಚೀಲ ಬಿಚ್ಚಿದಾಗ ಪರಿಚಯದವರ ಮುಖ ಕಂಡಂತಾಗಿತ್ತು.

ಸುಣ್ಣದ ಕಲ್ಲು ಅಂದುಕೊಂಡದ್ದು ಪೂರ್ತಿ ತಪ್ಪೂ ಅಲ್ಲ. ಮೆಗ್ನೀಷಿಯಂ ಆಕ್ಸೈಡು ಸುಣ್ಣದ ದಾಯಾದಿ. ಸುಟ್ಟ ಸುಣ್ಣದ ಮೇಲೆ ನೀರು ಹಾಕಿದರೆ ಏನಾಗುತ್ತದೆಂದು ಮನೆಗೆ ಸುಣ್ಣ ಬಳಿಯುವುದನ್ನು ನೋಡಿ ಬೆಳೆದವರಿಗೆ ಗೊತ್ತು. ಕೊತಕೊತ ಕುದಿದು, ಉಬ್ಬಿ, ಅರಳಿ ಪುಡಿಯಾಗುತ್ತದೆ. ಮೆಗ್ನೀಷಿಯಂ ಆಕ್ಸೈಡಿನದೂ ಅದೇ ಗುಣ, ಸದ್ದಿಲ್ಲದೆ, ಬಹಳ ನಿಧಾನವಾಗಿ. ನೀರನ್ನು ಹೀರಿ ಹೈಡ್ರಾಕ್ಸೈಡಾಗುತ್ತದೆ. ಹಾಗಾಗುವಾಗ ಅದರ ಗಾತ್ರ ಎರಡು ಪಟ್ಟಿಗೂ ಮಿಗಿಲಾಗುತ್ತದೆ. ಕರಗಿಸಿ ಮಾಡಿದ ಹರಳು ಹಗುರಾಗಿ ಸುಟ್ಟ ಪುಡಿಗಿಂತ ಎಷ್ಟೋ ತಾಳ್ಮೆಯುಳ್ಳದ್ದು ನಿಜ. ಆದರೆ ಹೈಡ್ರಾಕ್ಸೈಡ್ ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ಕಣಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂತರೆ ಸಾಕು, ಕಣದಿಂದ ಕಣಕ್ಕೆ ಕರೆಂಟು ನಡೆದುಹೋಗಲು ದಾರಿಯಾಯಿತು. ಸುರುಳಿಯಿಂದ ಕೊಳವೆಗೆ, ಕೊಳವೆಯಿಂದ ನೀರಿಗೆ.

ಊರಿಂದ ಬಂದ ಮೇಲೆ ಗೀಸರ್ ಯಾಕೆ ತಕರಾರು ಮಾಡುತ್ತದೆ ಎನ್ನುವುದಕ್ಕೆ ಒಂದು ಕಾರಣ ಇದು. ದಿನವೂ ಕಾಯುವ ಎಲಿಮೆಂಟು ತುದಿಯಿಂದ ನುಸುಳಿದ ಚೂರುಪಾರು ತೇವವನ್ನು ದಿನವೂ ಒಣಗಿಸಿಕೊಳ್ಳುತ್ತದೆ. ಒಂದೂವರೆ ತಿಂಗಳು ತಣ್ಣಗೆ ಕೂತು, ಅದರ ಮೇಲೆ ಜೂನ್ ತಿಂಗಳ ಮುಂಬೈ ಗಾಳಿ ಸೋಕಿದರೆ, ಹಳತಾಗಿ ಬಿರುಕು ಬಿಟ್ಟ ತುದಿಯ ರೆಸಿನ್ ಮೂಲಕ ತೇವ ಒಳಗೆ ಸೇರುತ್ತದೆ. ಸ್ವಿಚ್ ಹಾಕಿದ ಮೊದಲ ಕ್ಷಣದಲ್ಲೇ ಸೋರಿಕೆ. ಇಎಲ್‌ಸಿಬಿ ಬೀಳುತ್ತದೆ. ಕೆಟ್ಟಿದ್ದು ಇಎಲ್‌ಸಿಬಿ ಅಲ್ಲ, ಅದು ತನ್ನ ಕೆಲಸ ಮಾಡಿತು.

ತಮಾಷೆಯೆಂದರೆ ಇದೇ ಉಬ್ಬುವ ಗುಣವನ್ನು ಒಂದು ಕಾಲದಲ್ಲಿ ಎಲಿಮೆಂಟು ತಯಾರಿಸಲು ಬಳಸುತ್ತಿದ್ದರು. ಕಳೆದ ಶತಮಾನದ ಆರಂಭದಲ್ಲಿ ಬ್ಯಾಕರ್ ಎಂಬ ನಾರ್ವೆಯ ಎಂಜಿನಿಯರ್ ಕಂಡುಕೊಂಡ ವಿಧಾನದಲ್ಲಿ ಪುಡಿ ತುಂಬುವ ಗೋಜೇ ಇಲ್ಲ. ತಂತಿಯ ಸುತ್ತ ಮೆಗ್ನೀಷಿಯಂ ಲೋಹವನ್ನು ಸುತ್ತಿ, ಕೊಳವೆಯೊಳಗೆ ತೂರಿಸಿ, ಒತ್ತಡದ ಹಬೆ ಬಿಡುವುದು. ಲೋಹ ಹೈಡ್ರಾಕ್ಸೈಡಾಗಿ ಉಬ್ಬಿ ಕೊಳವೆಯನ್ನು ಬಿಗಿಯಾಗಿ ತುಂಬಿಕೊಳ್ಳುತ್ತದೆ. ಆಮೇಲೆ ಚೆನ್ನಾಗಿ ಕಾಯಿಸಿದರೆ ನೀರು ಹೋಗಿ ಆಕ್ಸೈಡು ಉಳಿಯುತ್ತದೆ. ನಾವು ಜೀವಮಾನವಿಡೀ ಯಾವುದರ ಜೊತೆ ಗುದ್ದಾಡಿದೆವೋ ಅದನ್ನೇ ಆ ಪುಣ್ಯಾತ್ಮ ಆಳಾಗಿ ದುಡಿಸಿಕೊಂಡಿದ್ದ.

ಈಗ ಪುಡಿಯ ಮೇಲ್ಮೈಗೆ ಮಾಡುವ ಉಪಚಾರದ ಮಾತು. ನಮ್ಮ ಅಜ್ಜಿ ವರ್ಷದ ತೊಗರಿಬೇಳೆ ತಂದಾಗ ಮೊರದ ತುಂಬ ಹರಡಿ, ಒಂದು ಚಮಚ ಹರಳೆಣ್ಣೆಯನ್ನು ಅಂಗೈಗೆ ಸವರಿಕೊಂಡು ಬೇಳೆಯನ್ನೆಲ್ಲ ತಿಕ್ಕುತ್ತಿದ್ದರು. ಅಷ್ಟು ಬೇಳೆಗೆ ಅಷ್ಟೇ ಎಣ್ಣೆ. ಆದರೆ ಒಂದೊಂದು ಬೇಳೆಯ ಮೈಗೂ ತಾಕಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ. ಕಾರ್ಖಾನೆಯವರು ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಎಣ್ಣೆ ಮಾತ್ರ ಸಿಲಿಕೋನಿನದು, ಪ್ರಮಾಣ ನೂರು ಕಿಲೋ ಪುಡಿಗೆ ಅರ್ಧ ಕಿಲೋದ ಒಳಗೇ.

ಒಂದು ದೊಡ್ಡ ವ್ಯತ್ಯಾಸವಿದೆ. ಬೇಳೆಯ ಮೇಲಿನ ಹರಳೆಣ್ಣೆ ಸುಮ್ಮನೆ ಅಂಟಿಕೊಂಡಿರುತ್ತದೆ, ಬಿಸಿನೀರಿನಲ್ಲಿ ತೊಳೆದರೆ ಹೋಗುತ್ತದೆ. ಪುಡಿಯ ಮೇಲಿನ ಸಿಲಿಕೋನು ಕಣಕ್ಕೆ ಕಟ್ಟಿಕೊಳ್ಳಬೇಕು. ಆಕ್ಸೈಡಿನ ಕಣದ ಮೈಮೇಲೆ, ಗಾಳಿಯ ತೇವದಿಂದಲೇ ಹುಟ್ಟಿದ, ಆಮ್ಲಜನಕ ಹೈಡ್ರೋಜನ್ ಕೂಡಿದ ಸಣ್ಣ ಸಣ್ಣ ಹಿಡಿಕೆಗಳಿರುತ್ತವೆ. ನೀರು ಬಂದು ಕೈ ಹಿಡಿಯುವುದು ಅವನ್ನೇ. ಈ ಕೆಲಸಕ್ಕೆ ಬಳಸುವ ಸಿಲಿಕೋನ್ ಎಣ್ಣೆಯ ಸರಪಳಿಯಲ್ಲಿ ಸಿಲಿಕಾನಿಗೆ ಅಂಟಿದ ಹೈಡ್ರೋಜನ್ ಇರುತ್ತದೆ. ಓವನ್ನಿನಲ್ಲಿ ಸುಮಾರು 150 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟರೆ ಆ ಹೈಡ್ರೋಜನ್ ಅನಿಲವಾಗಿ ಹಾರಿಹೋಗಿ, ಸಿಲಿಕಾನು ಆಮ್ಲಜನಕದ ಮೂಲಕ ಕಣಕ್ಕೇ ಕಟ್ಟಿಕೊಳ್ಳುತ್ತದೆ. ಹಿಡಿಕೆಗಳೆಲ್ಲ ಬುಕ್ಕಾದವು. ಹೊರಗಡೆ ಮುಖ ಮಾಡಿ ನಿಂತವು ಮೀಥೈಲ್ ಗುಂಪುಗಳು, ಅವಕ್ಕೂ ನೀರಿಗೂ ಎಣ್ಣೆ ಸೀಗೆಕಾಯಿ. ಇಂಥ ಪುಡಿಯನ್ನು ನೀರಿಗೆ ಉದುರಿಸಿದರೆ ಮುಳುಗುವುದಿಲ್ಲ. ನೀರಿಗಿಂತ ಮೂರೂವರೆ ಪಟ್ಟು ಭಾರದ ಕಲ್ಲಿನ ಪುಡಿ ಮೇಲೆ ತೇಲುತ್ತದೆ. ಮಲೆನಾಡಿನವರು ಕೆಸುವಿನೆಲೆಯ ಮೇಲಿನ ಮಳೆಹನಿಯನ್ನು ನೆನಪು ಮಾಡಿಕೊಳ್ಳಲಿ, ಅದೇ ಆಟ ತಿರುಗುಮುರುಗಾಗಿ.

ಸಿಲಿಕೋನುಗಳ ಕಥೆಯೂ ಸ್ವಾರಸ್ಯದ್ದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಕಿಪಿಂಗ್ ದಶಕಗಟ್ಟಲೆ ಇವುಗಳ ರಸಾಯನಶಾಸ್ತ್ರ ಬಗೆದರು, ಆದರೆ ಅಂಟಂಟಾದ ಈ ಪದಾರ್ಥಗಳಿಂದ ಬಳಕೆಗೆ ಬರುವಂಥದ್ದೇನೂ ಆಗದು ಎಂದೇ ನಂಬಿದ್ದರು. 1940ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನ ಯೂಜೀನ್ ರೋಚೋ ಇವುಗಳ ಮೂಲಸಾಮಗ್ರಿಯನ್ನು ಅಗ್ಗವಾಗಿ ಮಾಡುವ ದಾರಿ ಕಂಡರು. ಅದೇ ಸಂಸ್ಥೆಯ ವಿಂಟನ್ ಪ್ಯಾಟ್ನೋಡ್, ಈ ಸಾಮಗ್ರಿಯ ಆವಿ ತಾಗಿದ ಕಾಗದ, ಗಾಜು, ಪಿಂಗಾಣಿ ನೀರನ್ನು ಒದರಿಬಿಡುವುದನ್ನು ಗಮನಿಸಿ 1942ರಲ್ಲಿ ಪೇಟೆಂಟ್ ಪಡೆದರು. ಇವತ್ತು ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಸನ್‌ಸ್ಕ್ರೀನಿನ ಜಿಂಕ್ ಆಕ್ಸೈಡಿಗೂ ಎಷ್ಟೋ ಕಡೆ ಇದೇ ಬಗೆಯ ಅಂಗಿ ತೊಡಿಸಿರುತ್ತಾರೆ, ಬೆವರಿಗೆ ತೊಳೆದುಹೋಗದಿರಲಿ, ಕ್ರೀಮಿನಲ್ಲಿ ಉಂಡೆ ಕಟ್ಟದಿರಲಿ ಎಂದು. ಗೋಡೆಯ ಪೇಂಟಿನ ಟೈಟಾನಿಯಂ ಡೈಆಕ್ಸೈಡಿಗೆ ಹಾಕುವುದು ಅಲ್ಯೂಮಿನಾ, ಸಿಲಿಕಾಗಳ ಬೇರೆ ಥರದ ಅಂಗಿ. ಅದು ಇನ್ನೊಂದೇ ಕಥೆ, ಬಿಡಿ.

ನನ್ನ ಕೆಲಸದ ದಿನಗಳಲ್ಲಿ ಈ ಅಂಗಿಯ ಬೆಲೆ ಏನೆಂದು ನಿಜವಾಗಿ ಗೊತ್ತಾದದ್ದು 2005ರಲ್ಲಿ. ಆ ವರ್ಷದ ಜುಲೈ 26 ಮುಂಬೈನವರಿಗೆ ಮರೆಯುವ ದಿನವಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಮ್ಮ ಕಡೆ ಉಲ್ಹಾಸ್ ನದಿ ಉಕ್ಕಿ ಬದಲಾಪುರ, ಕಲ್ಯಾಣಗಳೆಲ್ಲ ನೀರಾಗಿದ್ದವು. ನಮ್ಮ ಗೋಡೌನಿಗೆ ಸೊಂಟದವರೆಗೆ ನೀರು ಬಂದು, ಸಿಲಿಕೋನ್ ಹಾಕಿಸಿ ತರಿಸಿಟ್ಟಿದ್ದ ಪುಡಿಯ ಚೀಲಗಳು ಎರಡು ದಿನ ಕೆಸರಿನಲ್ಲಿ ಮುಳುಗಿದವು. ತೇಲುವ ಪುಡಿಯೇ ಆದರೂ ಗಟಾರದ ಕೆಸರು ಬೆರೆತ ಮೇಲೆ ಅದು ಎಲಿಮೆಂಟಿಗಲ್ಲ. ಮೇಲಿನ ಅಟ್ಟದಲ್ಲಿದ್ದ ಒಂದೇ ಒಂದು ಚೀಲ ಉಳಿಯಿತು.

ಹೊರಗಿನವರಿಗೆ ತಿಳಿಯದ ಒಂದು ಮಾತು: ದೆಹಲಿಯ ಚಳಿಗಾಲದ ರಾಡುಗಳು ಮುಂಬೈಯ ಮಳೆಗಾಲದಲ್ಲಿ ತಯಾರಾಗುತ್ತವೆ. ನವೆಂಬರಿನಲ್ಲಿ ಅಂಗಡಿಗೆ ಬರಬೇಕಾದರೆ ಆಗಸ್ಟಿನಲ್ಲಿ ಪುಡಿ ತುಂಬಬೇಕು. ಗಾಳಿಯಲ್ಲಿ ಅತಿ ಹೆಚ್ಚು ತೇವವಿರುವ ತಿಂಗಳಲ್ಲೇ, ಅತಿ ಹೆಚ್ಚು ಕೊಳವೆಗಳು ಬಾಯ್ದೆರೆದು ನಿಂತಿರುತ್ತವೆ. ಅಂಗಿ ಬೇಕಾಗುವುದು ಮುಖ್ಯವಾಗಿ ಆಗಲೇ, ಚೀಲ ಬಿಚ್ಚಿದಲ್ಲಿಂದ ತುದಿ ಮುಚ್ಚುವವರೆಗೆ.

ಆ ಸಲ ಉತ್ತರದ ಒಂದು ದೊಡ್ಡ ಆರ್ಡರು ಕೈಯಲ್ಲಿತ್ತು. ಪುಡಿ ಸರಬರಾಜು ಮಾಡುವವರು ಆರು ವಾರ ಎಂದರು. ಮಾಲೀಕರು ಅಂಗಿಯಿಲ್ಲದ ಬರೀ ಪುಡಿ ಎಲ್ಲಿಂದಲೋ ತರಿಸಿ, ಒಂದು ಕ್ಯಾನ್ ಸಿಲಿಕೋನ್ ಎಣ್ಣೆ ಕೊಂಡು, ಡ್ರಮ್ಮಿನಲ್ಲಿ ಹಾಕಿ ಅರ್ಧ ಗಂಟೆ ತಿರುಗಿಸಿ, “ನೋಡಿ ಮೇಡಂ, ನಮ್ಮದೂ ರೆಡಿ” ಎಂದರು. ಅವರನ್ನು ಖಳನಾಯಕ ಮಾಡುವ ಆಸೆ ನನಗಿಲ್ಲ. ಪ್ರವಾಹದಲ್ಲಿ ಅವರ ರೋಲಿಂಗ್ ಮಷೀನಿನ ಮೋಟಾರು ಸುಟ್ಟಿತ್ತು, ಬ್ಯಾಂಕಿನ ಸಾಲವಿತ್ತು, ಸೆಪ್ಟೆಂಬರ್ 7ಕ್ಕೆ ಗಣಪತಿ ಹಬ್ಬ, ಅದಕ್ಕೆ ಮುಂಚೆ ನಲವತ್ತು ಜನಕ್ಕೆ ಬೋನಸ್ ಕೊಡಬೇಕಿತ್ತು.

ಪುಡಿ ತುಂಬುವ ಮಷೀನಿನ ಮೇಲೆ ವಿಜಯಪುರ ಜಿಲ್ಲೆಯವರೊಬ್ಬರಿದ್ದರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕಾರ್ಖಾನೆಯಲ್ಲಿ ನನ್ನೊಡನೆ ಕನ್ನಡ ಆಡುವವರು ಅವರೊಬ್ಬರೇ. ಅವರು ಗ್ಲಾಸಿನಲ್ಲಿ ನೀರು ಹಿಡಿದು ಒಂದು ಚಿಟಿಕೆ ಪುಡಿ ಉದುರಿಸಿ ಖುಷಿಯಿಂದ ತಂದು ತೋರಿಸಿದರು. “ಅಕ್ಕಾರ, ನೋಡ್ರಿ ಇಲ್ಲಿ, ಒಟ್ಟ ಮುಳಗವಲ್ದು. ಚಲೋ ಆಗ್ಯಾದ. ಸಹಿ ಮಾಡ್ರಿ, ಹಬ್ಬಕ್ಕ ಊರಿಗೆ ಹೋಗೂದದ.”

ತೇಲುತ್ತಿತ್ತು, ನಿಜ. ಆದರೆ ಬರೀ ಎಣ್ಣೆ ಸವರಿದರೂ ತೇಲುತ್ತದೆ. ಕಟ್ಟಿಕೊಂಡಿದೆಯೋ ಸುಮ್ಮನೆ ಅಂಟಿಕೊಂಡಿದೆಯೋ ಎಂದು ನೀರಿನ ಗ್ಲಾಸು ಹೇಳುವುದಿಲ್ಲ. ನಾನು ಎರಡು ಬಾಟಲಿ ತೆಗೆದುಕೊಂಡೆ. ಒಂದರಲ್ಲಿ ಅಟ್ಟದ ಮೇಲೆ ಉಳಿದಿದ್ದ ಹಳೇ ಚೀಲದ ಪುಡಿ, ಇನ್ನೊಂದರಲ್ಲಿ ಡ್ರಮ್ಮಿನದು. ಎರಡಕ್ಕೂ ಟಾಲ್ವೀನ್ ಹಾಕಿ ಚೆನ್ನಾಗಿ ಕುಲುಕಿ, ಸೋಸಿ, ಒಣಗಿಸಿ, ಕಾಕಾನ ಎದುರಿಗೇ ಎರಡು ಗ್ಲಾಸಿಗೆ ಉದುರಿಸಿದೆ. ಹಳೆಯದು ಮೊದಲಿನಂತೆಯೇ ತೇಲಿತು. ಡ್ರಮ್ಮಿನದು ಗ್ಲಾಸಿನ ತಳಕ್ಕೆ ಹೋಗಿ ಕೂತಿತು. ಎಣ್ಣೆ ಟಾಲ್ವೀನಿನ ಜೊತೆ ಹೊರಟುಹೋಗಿತ್ತು.

“ರಾಡಿನೊಳಗ ಯಾರು ಟಾಲ್ವೀನ್ ಹಾಕ್ತಾರ್ರಿ?” ಎಂದರು ಕಾಕಾ. ಸರಿಯಾದ ಪ್ರಶ್ನೆ. ಮಾಲೀಕರೂ ಆಮೇಲೆ ಅದನ್ನೇ ಕೇಳಿದರು, ಹಿಂದಿಯಲ್ಲಿ, ಸ್ವಲ್ಪ ಜೋರಾಗಿ.

ಟಾಲ್ವೀನ್ ಯಾರೂ ಹಾಕುವುದಿಲ್ಲ, ಆದರೆ ಶಾಖ ಬರುತ್ತದೆ. ಕಟ್ಟಿಕೊಳ್ಳದ ಎಣ್ಣೆ ಬಿಸಿಯಾದಾಗ ಹರಿದು ತುದಿಗಳ ಕಡೆ ಸರಿಯುತ್ತದೆ. ಅಲ್ಲಿರುವುದೇ ಮುಚ್ಚಳದ ರೆಸಿನ್. ಸಿಲಿಕೋನ್ ಎಣ್ಣೆ ತಾಗಿದ ಜಾಗಕ್ಕೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಪೇಂಟ್ ಮಾಡುವವರನ್ನು ಕೇಳಿ, ಸಿಲಿಕೋನ್ ಎಂದರೆ ಬೆಚ್ಚಿಬೀಳುತ್ತಾರೆ. ಕಾರ್ಖಾನೆಯಿಂದ ಹೊರಡುವಾಗ ರಾಡು ಒಣಗಿರುತ್ತದೆ, ಮೆಗ್ಗರಿನ ಮುಳ್ಳು ಮೇಲೆಯೇ ನಿಲ್ಲುತ್ತದೆ, ಎಲ್ಲ ಪರೀಕ್ಷೆಯೂ ಪಾಸಾಗುತ್ತದೆ. ಒಂದು ಚಳಿಗಾಲ ಕಳೆದು, ಒಂದು ಮಳೆಗಾಲ ಬಾತ್‌ರೂಮಿನ ಮೊಳೆಗೆ ನೇತುಬಿದ್ದ ಮೇಲೆ, ತುದಿಯ ರೆಸಿನ್ ಬಿಟ್ಟುಕೊಂಡಿರುತ್ತದೆ, ಒಳಗೆ ಅಂಗಿಯೂ ಇರುವುದಿಲ್ಲ. ಆ ಮನೆಯಲ್ಲಿ ಅರ್ಥಿಂಗ್ ಇದೆಯೋ ಇಲ್ಲವೋ ಯಾರಿಗೆ ಗೊತ್ತು? ರಾಡು ಕೊಳ್ಳುವವರು ಗೀಸರಿಗೆ ದುಡ್ಡಿಲ್ಲದವರು. ಬಾಡಿಗೆ ಖೋಲಿ, ಹಾಸ್ಟೆಲ್ಲು, ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ತೂತಿನ ಸಾಕೆಟ್ಟು ಇರುವ ಜಾಗಗಳು.

“ಫ್ಯಾಕ್ಟರಿಯಲ್ಲಿ ಪಾಸಾಗುತ್ತೆ ತಾನೆ ಮೇಡಂ?” ಎಂದರು ಮಾಲೀಕರು. ಪಾಸಾಗುತ್ತೆ ಎಂದೆ. “ಮತ್ತೆ?” ಎಂದರು. ಮಾತಿನಲ್ಲಿ ಮುಗಿಯುವಂತಿರಲಿಲ್ಲ. ಹತ್ತು ತುಂಡು ಕೊಳವೆ ತುಂಬಿಸಿದೆ, ಐದು ಹಳೇ ಪುಡಿಯದು, ಐದು ಟಾಲ್ವೀನಿನಲ್ಲಿ ತೊಳೆದ ಡ್ರಮ್ಮಿನ ಪುಡಿಯದು. ತುದಿ ಮುಚ್ಚದೆ, ಬಿಸಿನೀರಿನ ಬಕೆಟ್ಟುಗಳ ಜೊತೆ ಸ್ಟೋರ್ ರೂಮಿನಲ್ಲಿ ಎರಡು ರಾತ್ರಿ ಇಟ್ಟು ಬಾಗಿಲು ಹಾಕಿದೆ. ಮೂರನೇ ದಿನ ಮೆಗ್ಗರ್ ಹಿಡಿದಾಗ ಹಳೇ ಪುಡಿಯ ಐದರಲ್ಲೂ ಮುಳ್ಳು ಎದ್ದು ನಿಂತಿತು. ಉಳಿದವುಗಳಲ್ಲಿ ಸೊನ್ನೆಯ ಹತ್ತಿರ ಮಲಗಿತು. ಮಾಲೀಕರು ತಾವೇ ಮೆಗ್ಗರ್ ಇಸಿದುಕೊಂಡು ಇನ್ನೊಮ್ಮೆ ನೋಡಿದರು. ಏನೂ ಹೇಳದೆ ಎದ್ದು ಹೋದರು.

ಅಂಗಿ ತೊಡಿಸುವುದಾದರೆ ಪೂರ್ತಿ ತೊಡಿಸೋಣ ಎಂಬುದಷ್ಟೇ ನನ್ನ ಮಾತಾಗಿತ್ತು. ಡ್ರಮ್ಮಿನ ಪುಡಿಯನ್ನು ಟ್ರೇಗಳಲ್ಲಿ ತೆಳ್ಳಗೆ ಹರಡಿ ಓವನ್ನಿನಲ್ಲಿ ಬೇಯಿಸಬೇಕು. ಹೈಡ್ರೋಜನ್ ಹೊರಡುವುದರಿಂದ ಬಾಗಿಲು, ಎಕ್ಸಾಸ್ಟ್ ಫ್ಯಾನು ತೆರೆದಿರಬೇಕು, ಹತ್ತಿರದಲ್ಲಿ ಬೀಡಿ ಕೂಡದು. ನಮ್ಮ ಓವನ್ನು ಸಣ್ಣದು, ದಿನಕ್ಕೆ ಎರಡೇ ಚೀಲ. ಲೆಕ್ಕ ಹಾಕಿದರೆ ಆರ್ಡರು ಹನ್ನೆರಡು ದಿನ ತಡ, ಬೋನಸ್ಸು ಹಬ್ಬದ ನಂತರ.

ಆ ಹನ್ನೆರಡು ದಿನ ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಯಾರೂ ಬರಲಿಲ್ಲ. ಅವರ ಮೇಲೆ ನನಗೆ ಬೇಸರವೂ ಆಗಲಿಲ್ಲ, ಹಬ್ಬಕ್ಕೆ ಬರಿಗೈಲಿ ಮನೆಗೆ ಹೋಗುವುದು ಏನೆಂದು ಗೊತ್ತಿಲ್ಲದವಳೇನಲ್ಲ ನಾನು. ಕಾಕಾ ಮಾತ್ರ ಮಾತು ಬಿಟ್ಟರೂ ರಾತ್ರಿ ಪಾಳಿಯ ಓವನ್ನನ್ನು ತಾವೇ ವಹಿಸಿಕೊಂಡರು. ಬೆಳಿಗ್ಗೆ ನಾನು ಬರುವ ಹೊತ್ತಿಗೆ ಪ್ರತಿ ಟ್ರೇಯಿಂದ ತೆಗೆದ ಒಂದೊಂದು ಚಿಟಿಕೆ ಪುಡಿ ಕಾಗದದಲ್ಲಿ ಮಡಚಿ, ನಂಬರು ಬರೆದು, ನನ್ನ ಮೇಜಿನ ಮೇಲಿರುತ್ತಿತ್ತು. ಟಾಲ್ವೀನಿಗೆ ಹಾಕಿ ನೋಡಲಿ ಎಂದು. ಎರಡನೇ ದಿನದ ಒಂದು ಪೊಟ್ಟಣ ಮುಳುಗಿತು. ಓವನ್ನಿನ ಕೆಳಗಿನ ಮೂಲೆ ಸರಿಯಾಗಿ ಕಾಯುತ್ತಿರಲಿಲ್ಲ. ಅಂದಿನಿಂದ ಆ ಮೂಲೆ ಖಾಲಿ ಬಿಟ್ಟರು, ದಿನಕ್ಕೆ ಎರಡು ಚೀಲವೂ ಆಗದೆ ಇನ್ನೂ ಎರಡು ದಿನ ತಡವಾಯಿತು.

ಮಾಲು ಹೋಯಿತು. ಕೊಳ್ಳುವವರು ತಡವಾದದ್ದಕ್ಕೆ ದರ ಕತ್ತರಿಸಿದರು. ಆ ವರ್ಷ ನನಗೆ ಇನ್‌ಕ್ರಿಮೆಂಟ್ ಸಿಗಲಿಲ್ಲ. ಆ ರಾಡುಗಳು ಯಾರ ಮನೆಗೆ ಹೋದವೋ ನನಗೆ ತಿಳಿಯದು. ಲೆಕ್ಕದ ಪುಸ್ತಕದಲ್ಲಿ ಉಳಿದದ್ದು ಹದಿನಾಲ್ಕು ದಿನದ ನಷ್ಟ ಮಾತ್ರ. ಅದರ ಎದುರು ಬರೆಯಲು ನನ್ನ ಹತ್ತಿರ ಯಾವ ಲಾಭದ ಅಂಕಿಯೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ್ದರಿಂದ ಸಿಲಿಕೋನಿನ ಅಂಗಿ ಇದ್ದರೆ ಸಾಕು, ಎಲ್ಲ ಸುರಕ್ಷಿತ ಎಂದು ಯಾರಾದರೂ ತಿಳಿದುಕೊಂಡರೆ ನನ್ನ ಶ್ರಮ ವ್ಯರ್ಥ. ಈ ಅಂಗಿಗೆ ಮಿತಿಯಿದೆ. ತೇವವನ್ನು ಅದು ನಿಧಾನಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ನಾಲ್ಕು ನೂರು ಡಿಗ್ರಿಯ ಮೇಲೆ ಮೀಥೈಲ್ ಗುಂಪುಗಳು ಉಳಿಯುವುದಿಲ್ಲ, ಅಂಗಿ ಸುಟ್ಟುಹೋಗುತ್ತದೆ. ಕೆಲವೊಮ್ಮೆ ಅದರ ಇಂಗಾಲ ಒಳಗೇ ಉಳಿದು ಪುಡಿಯನ್ನು ಕಪ್ಪಾಗಿಸಿ ತಾನೇ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಅದಕ್ಕೇ ಅಡುಗೆಯ ಓವನ್ನು, ಹಾಟ್‌ಪ್ಲೇಟುಗಳಂಥ ಕೆಂಪಗೆ ಕಾಯುವ ಎಲಿಮೆಂಟುಗಳಿಗೆ ಸಿಲಿಕೋನಿಲ್ಲದ ಬೇರೆ ದರ್ಜೆಯ ಪುಡಿ ಹಾಕುತ್ತಾರೆ. ಗೀಸರು, ವಾಷಿಂಗ್ ಮಷೀನುಗಳಂಥ, ನೀರಿನಲ್ಲಿದ್ದು ತಣ್ಣಗಿರುವ ಎಲಿಮೆಂಟುಗಳಿಗೆ ಮಾತ್ರ ಇದು ಸರಿ. ಎಣ್ಣೆ ಜಾಸ್ತಿಯಾದರೂ ಕಷ್ಟ, ಪುಡಿ ಮುದ್ದೆ ಕಟ್ಟಿ ಕೊಳವೆಯೊಳಗೆ ಸಲೀಸಾಗಿ ಇಳಿಯುವುದಿಲ್ಲ, ನಡುವೆ ಪೊಳ್ಳು ಉಳಿಯುತ್ತದೆ. ಇನ್ನು ನಮ್ಮ ಬೋರ್‌ವೆಲ್ ನೀರಿನ ಗಡಸಿಗೆ ಎಲಿಮೆಂಟಿನ ಮೇಲೆ ಕಲ್ಲು ಕಟ್ಟಿ, ಕೊಳವೆಯೇ ತೂತಾದರೆ, ಯಾವ ಅಂಗಿ ತೊಟ್ಟ ಪುಡಿಯೂ ನೇರ ನೀರಿನ ಎದುರು ನಿಲ್ಲುವುದಿಲ್ಲ.

ಆದ್ದರಿಂದ ಫೋನು ಮಾಡುವವರಿಗೆ ಹೇಳಬೇಕಾದದ್ದು ಇದು. ಗೀಸರಿನ ಎಲಿಮೆಂಟಿನಿಂದ ಒಂದಿಷ್ಟು ಸೋರಿಕೆ ಯಾವಾಗಲೂ ಇರುತ್ತದೆ. ಕಾಯುತ್ತಿರುವಾಗ ಒಂದು ಕಿಲೋವ್ಯಾಟಿಗೆ ಮುಕ್ಕಾಲು ಮಿಲಿಆಂಪಿಯರ್, ಅಂದರೆ ಎರಡು ಕಿಲೋವ್ಯಾಟಿನ ಗೀಸರಿಗೆ ಒಂದೂವರೆ, ಮಾನದಂಡ ಒಪ್ಪುವ ಮಿತಿ. ಮನೆಯ ಇಎಲ್‌ಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. 15 ದಾಟಿದ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು. ಗೀಸರ್ ಒಂದರಿಂದಲೇ ಅದು ಬೀಳುತ್ತಿದೆ ಎಂದರೆ ಎಲಿಮೆಂಟು ಮಿತಿಯ ಹತ್ತು ಪಟ್ಟು ಸೋರುತ್ತಿರಬಹುದು ಎಂದರ್ಥ. ಬೇರೆ ಎಲ್ಲ ಸ್ವಿಚ್ಚು ಆರಿಸಿ ಗೀಸರ್ ಮಾತ್ರ ಹಾಕಿದಾಗಲೂ ಬಿದ್ದರೆ, ಗೀಸರಿನ ಪ್ಲಗ್ಗು ತೆಗೆದಿಟ್ಟು, ಮೆಗ್ಗರ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಮೆಗ್ಗರ್ ಎಂದರೆ ಏನು ಎನ್ನುವವನನ್ನು ಚಹಾ ಕೊಟ್ಟು ಕಳಿಸಿ. “ನಾಲ್ಕು ಸಲ ಹಾಕಿ ತೆಗೆದು ಮಾಡಿದರೆ ಒಣಗಿ ಸರಿಹೋಗುತ್ತೆ” ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ಬರೀ ತೇವವಾಗಿದ್ದರೆ ಕಾದಾಗ ಒಣಗುವುದು ನಿಜವೇ, ಆದರೆ ಒಳಗಿರುವುದು ತೇವವೋ ತೂತೋ ಎಂದು ಹೊರಗೆ ನಿಂತ ನಿಮಗೆ ಗೊತ್ತಾಗುವುದಿಲ್ಲ. ಎಲಿಮೆಂಟು ಬದಲಿಸಿ. ಐಎಸ್‌ಐ ಗುರುತಿನದು ಕೇಳಿ. ಗೀಸರಿನದು ಐಎಸ್ 2082, ರಾಡಿನದು ಐಎಸ್ 368.

ದೆಹಲಿಯಲ್ಲೋ ಪುಣೆಯಲ್ಲೋ ಪಿಜಿಯಲ್ಲಿರುವ ಮಗನಿಗೋ ಮಗಳಿಗೋ ರಾಡು ಕೊಡಿಸುವವರು, ಆ ಕೋಣೆಯ ಸಾಕೆಟ್ಟಿನಲ್ಲಿ ಮೂರನೇ ತೂತಿಗೆ ನಿಜವಾಗಿ ಅರ್ಥ್ ತಂತಿ ಬಂದಿದೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ. ಎಷ್ಟೋ ಕಡೆ ತೂತು ಮಾತ್ರ ಇರುತ್ತದೆ, ತಂತಿ ಇರುವುದಿಲ್ಲ. ನೀರು ಬಿಸಿಯಾಯಿತೇ ಎಂದು ಬೆರಳಿಟ್ಟು ನೋಡುವ ಮುಂಚೆ ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತಿರಬೇಕು. ಮಳೆಗಾಲದಲ್ಲಿ ಅದನ್ನು ಬಾತ್‌ರೂಮಿನ ಮೊಳೆಗೆ ನೇತುಹಾಕದೆ, ಒರೆಸಿ, ಅಡುಗೆಮನೆಯ ಮೇಲಿನ ಅಟ್ಟದ ಒಣ ಜಾಗದಲ್ಲಿಡಲಿ. ಪಾಪಡ್ ಡಬ್ಬಿಯ ಪಕ್ಕದಲ್ಲಾದರೂ ಸರಿ.